ವೈಕಿಂಗ್ಸ್ ಮಾರಾಟ, 2005: ರೆಜಿ ಫೌಲರ್ ಅವರನ್ನು ಪತ್ರಿಕೆಗಳು ಜಾಲಾಡಿದ್ದರಲ್ಲಿ ವರ್ಣದ ಪಾಲೆಷ್ಟು?

ತುಂಗಾತೀರ

2005ರ ಫೆಬ್ರವರಿ 14ರಂದು ಅಮೆರಿಕನ್ ಫುಟ್‌ಬಾಲ್ ತಂಡ ಮಿನ್ನೆಸೋಟ ವೈಕಿಂಗ್ಸ್‌ನ ಮಾಲೀಕ ರೆಡ್ ಮೆಕೂಮ್ಸ್ ಅದನ್ನು 62.5 ಕೋಟಿ ಡಾಲರಿಗೆ ಅರಿಜೋನಾದ ಉದ್ಯಮಿ ರೆಜಿ ಫೌಲರ್ ಅವರಿಗೆ ಮಾರುವುದಾಗಿ ಪ್ರಕಟಿಸಿದರು. ಆ ಆಟದ ಲೀಗ್ ಎನ್‌ಎಫ್‌ಎಲ್ ಒಪ್ಪಿದ್ದರೆ ಅದರ ಮೊದಲ ಕಪ್ಪುವರ್ಣೀಯ ಪ್ರಧಾನ ಮಾಲೀಕ ಅವರೇ ಆಗುತ್ತಿದ್ದರು. ಕೆಲವೇ ದಿನಗಳಲ್ಲಿ ಅವರ ಪರಿಚಯ ಪತ್ರದಲ್ಲಿನ ಸುಳ್ಳುಗಳು ಹೊರಬಂದವು. ವಯೋಮಿಂಗ್ ವಿಶ್ವವಿದ್ಯಾಲಯದಲ್ಲಿ ವ್ಯವಹಾರ ಆಡಳಿತ ಮತ್ತು ಹಣಕಾಸಿನ ಪದವಿ ಎಂದಿತ್ತು, ನಿಜಕ್ಕೂ ಇದ್ದದ್ದು ಸಮಾಜಕಾರ್ಯದ ಪದವಿ. ಮಕ್ಕಳ ಬೇಸ್‌ಬಾಲ್ ಪಂದ್ಯಾವಳಿ ಲಿಟ್ಲ್ ಲೀಗ್ ವರ್ಲ್ಡ್ ಸೀರೀಸ್‌ನಲ್ಲಿ ಆಡಿದ್ದೆ ಎಂದಿತ್ತು, ಆಡಿರಲಿಲ್ಲ. ಫೌಲರ್ ತಪ್ಪು ಒಪ್ಪಿಕೊಂಡರು. ಮೇ 25ರಂದು ಲೀಗಿನ ಮಾಲೀಕರು ಮಾರಾಟಕ್ಕೆ ಒಪ್ಪಿಗೆ ಕೊಟ್ಟಾಗ ಬೆಲೆ 60 ಕೋಟಿಗೆ ಇಳಿದಿತ್ತು. ಪ್ರಧಾನ ಮಾಲೀಕರಾಗಿ ಬಂದವರು ನ್ಯೂಜೆರ್ಸಿಯ ಜೈಗಿ ವಿಲ್ಫ್. ಫೌಲರ್‌ಗೆ ದಕ್ಕಿದ್ದು ಸೀಮಿತ ಪಾಲುದಾರಿಕೆ, ಅಂದರೆ ಹಣ ಹಾಕಿದರೂ ತಂಡದ ನಿಯಂತ್ರಣ ಇಲ್ಲದ ಪಾಲು.

ಈ ಪ್ರಕರಣ ಎತ್ತಿದಾಗಲೆಲ್ಲ ಎರಡೇ ವಾದ. ಸುಳ್ಳು ಹೇಳಿದರು, ಸಿಕ್ಕಿಬಿದ್ದರು, ಅಲ್ಲಿಗೆ ಮುಗಿಯಿತು ಅನ್ನುವುದು ಒಂದು. ಕಪ್ಪುವರ್ಣೀಯ ಅಂತಲೇ ಅಷ್ಟು ಕೆದಕಿದರು ಅನ್ನುವುದು ಇನ್ನೊಂದು. ನನ್ನ ಪ್ರಕಾರ ಪರಿಚಯ ಪತ್ರ, ಹಣ, ಲೀಗಿನ ಮತದಾನ ಈ ಮೂರನ್ನೂ ಬೇರೆ ಬೇರೆಯಾಗಿ ನೋಡದೆ ಉತ್ತರ ಸಿಗುವುದಿಲ್ಲ. ಕಡತ ಓದಿದವರು, ಮಾರಾಟದ ಲೆಕ್ಕ ಬಲ್ಲವರು ಬರೆಯಿರಿ.

ಲೆಕ್ಕಿಗ

ಹಣದಿಂದಲೇ ಶುರು ಮಾಡೋಣ. ಫೌಲರ್ ಸೋತದ್ದು ಅಲ್ಲೇ.

ಎನ್‌ಎಫ್‌ಎಲ್‌ನಲ್ಲಿ ಕಂಪನಿಗಳು ತಂಡ ಕೊಳ್ಳುವಂತಿಲ್ಲ. ಗ್ರೀನ್ ಬೇ ಪ್ಯಾಕರ್ಸ್ ತಂಡ ಹಳೆಯ ವಿನಾಯಿತಿ, ಅದನ್ನು ಬಿಡಿ. ಲೀಗಿನ ಮುಂದೆ ಹೊಣೆ ಹೊರುವ ಒಬ್ಬ ವ್ಯಕ್ತಿ ಬೇಕು, ಆತನ ಪಾಲು ಕನಿಷ್ಠ 30 ಪ್ರತಿಶತ ಇರಬೇಕು ಅನ್ನುವುದು ಆಗಿನ ನಿಯಮ. 62.5 ಕೋಟಿಗೆ 30 ಪ್ರತಿಶತ ಅಂದರೆ 18.75 ಕೋಟಿ ಡಾಲರ್. ಜಮೀನು, ಖಾಸಗಿ ಕಂಪನಿಯ ಷೇರು, ವಿಮಾನ ಇವುಗಳ ಅಂದಾಜು ಬೆಲೆ ತೋರಿಸಿ ನಾನು ಶ್ರೀಮಂತ ಅಂದರೆ ಲೀಗಿನ ಹಣಕಾಸು ಸಮಿತಿ ಒಪ್ಪುವುದಿಲ್ಲ. ದುಡ್ಡು ಎಲ್ಲಿಂದ ಬರುತ್ತದೆ, ಯಾವುದಕ್ಕೆ ಸಾಲ ಅಂಟಿಕೊಂಡಿದೆ, ಮುಂದಿನ ವರ್ಷ ನಷ್ಟವಾದರೆ ಜೇಬಿನಿಂದ ಹಾಕುವ ತಾಕತ್ತಿದೆಯೇ ಎಂದು ಕೇಳುತ್ತದೆ. ಅಲ್ಲಿ ದಾಟಿದ ಮೇಲೆ 32 ಮಾಲೀಕರಲ್ಲಿ 24 ಜನರ ಮತ ಬೇಕು.

ಫೌಲರ್ ಆಸ್ತಿ ಇದ್ದದ್ದು ಖಾಸಗಿ ಕಂಪನಿಗಳಲ್ಲಿ. ಅದನ್ನು ಮೂರು ತಿಂಗಳಲ್ಲಿ ನಗದು ಮಾಡುವುದು ಸುಲಭವಲ್ಲ. ಫೌಲರ್ ಅವರ ಖರೀದಿ ಗುಂಪಿನಲ್ಲೇ ಸೀಮಿತ ಪಾಲುದಾರರಾಗಿ ಕೂತಿದ್ದ ವಿಲ್ಫ್ ಬಳಿ ನಗದು ಇತ್ತು. ಹಾಗಾಗಿ ಇಬ್ಬರ ಜಾಗ ಅದಲು ಬದಲಾಯಿತು. ಪದವಿಯ ಸುಳ್ಳು ಬಯಲಾಗದೇ ಇದ್ದಿದ್ದರೂ ಈ 18.75 ಕೋಟಿಯ ಪ್ರಶ್ನೆ ಉಳಿದೇ ಇರುತ್ತಿತ್ತು.

ಎಂಡ್‌ಝೋನ್

ಲೆಕ್ಕಿಗ ಅವರೇ, ನೀವು ಹೇಳಿದ್ದು ಸರಿ. ಆದರೆ ಆ 30 ಪ್ರತಿಶತದ ನಿಯಮ ಯಾರನ್ನು ಹೊರಗಿಡುತ್ತದೆ ಅನ್ನುವುದನ್ನೂ ಜೊತೆಗೇ ಹೇಳಬೇಕು. ಹಳೆಯ ಮಾಲೀಕ ಕುಟುಂಬಗಳು ತಂಡ ಕೊಂಡಾಗ ಬೆಲೆ ತೀರಾ ಕಡಿಮೆ. ಆ ಕಾಲದಲ್ಲಿ ಕಪ್ಪುವರ್ಣೀಯರಿಗೆ ಬ್ಯಾಂಕ್ ಸಾಲವೂ ಸಿಗುತ್ತಿರಲಿಲ್ಲ, ಎಷ್ಟೋ ಬಡಾವಣೆಗಳಲ್ಲಿ ಆಸ್ತಿ ಕೊಳ್ಳಲೂ ಬಿಡುತ್ತಿರಲಿಲ್ಲ. ಬೆಲೆ ನೂರಾರು ಕೋಟಿಗೆ ಏರಿದ ಮೇಲೆ ಬಾಗಿಲು ಎಲ್ಲರಿಗೂ ತೆರೆದಿದೆ ಅಂದರೆ ನಂಬುವುದು ಹೇಗೆ?

ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಡೆನ್ವರ್ ನಗ್ಗೆಟ್ಸ್ ತಂಡದ 1989ರ ಕಥೆ ನೋಡಿ. ಕಪ್ಪುವರ್ಣೀಯರಾದ ಬರ್ಟ್ರಮ್ ಲೀ ಮತ್ತು ಪೀಟರ್ ಬೈನೋ ತಂಡ ಕೊಳ್ಳುತ್ತಾರೆ ಅಂತ ಬೇಸಿಗೆಯಲ್ಲಿ ದೊಡ್ಡ ಸುದ್ದಿ. ಕೆಲವೇ ತಿಂಗಳಲ್ಲಿ ಹಣ ಹೊಂದಲಿಲ್ಲ. ಕಾಮ್‌ಸ್ಯಾಟ್ ಕಂಪನಿ ಬಂದು ಬಹುಪಾಲು ತೆಗೆದುಕೊಂಡಿತು, ಇವರಿಬ್ಬರಿಗೆ ಸಣ್ಣ ಪಾಲಿನ ಜೊತೆ ಆಡಳಿತದ ಜವಾಬ್ದಾರಿ ಉಳಿಯಿತು. ಎನ್‌ಬಿಎಯಲ್ಲಿ ಕಂಪನಿ ಕೊಳ್ಳಬಹುದಿತ್ತು, ಅದಕ್ಕೇ ಅಷ್ಟಾದರೂ ಉಳಿಯಿತು. ಎನ್‌ಎಫ್‌ಎಲ್‌ನಲ್ಲಿ ಆ ದಾರಿಯೂ ಇಲ್ಲ. ಕೊನೆಗೆ ಬಹುಪಾಲಿನ ಮಾಲೀಕರಾದ ಮೊದಲ ಕಪ್ಪುವರ್ಣೀಯ ರಾಬರ್ಟ್ ಜಾನ್ಸನ್. 2002ರ ಡಿಸೆಂಬರಿನಲ್ಲಿ ಷಾರ್ಲೆಟ್‌ನ ಹೊಸ ಎನ್‌ಬಿಎ ತಂಡ ಅವರಿಗೆ ಸಿಕ್ಕಿತು, ಶುಲ್ಕ 30 ಕೋಟಿ ಡಾಲರ್. ಬಿಇಟಿ ಚಾನೆಲನ್ನು ವಯಾಕಾಮ್‌ಗೆ ಮಾರಿದ್ದರಿಂದ ಅವರ ಕೈಯಲ್ಲಿ ಹಣ ಇತ್ತು.

ಕಡತಪ್ರಿಯ

ಪತ್ರಿಕೆಗಳ ಕಡೆಯಿಂದ ಒಂದು ಮಾತು. ಪದವಿ ಪರಿಶೀಲಿಸುವುದಕ್ಕೆ ದೊಡ್ಡ ತನಿಖೆ ಏನೂ ಬೇಕಿಲ್ಲ. ವಿಶ್ವವಿದ್ಯಾಲಯದ ರಿಜಿಸ್ಟ್ರಾರ್ ಕಚೇರಿಗೆ ಫೋನ್ ಮಾಡಿ ಹೆಸರು, ಓದಿದ ವರ್ಷ ಹೇಳಿದರೆ ಪದವಿ ಯಾವುದು ಅಂತ ತಿಳಿಸುತ್ತಾರೆ. ವಿದ್ಯಾರ್ಥಿ ಬೇಡ ಅಂತ ಮೊದಲೇ ಬರೆದುಕೊಟ್ಟಿಲ್ಲದಿದ್ದರೆ ಅಮೆರಿಕದ ಕಾನೂನು ಅಷ್ಟು ಮಾಹಿತಿ ಕೊಡಲು ಬಿಡುತ್ತದೆ. ಹತ್ತು ನಿಮಿಷದ ಕೆಲಸ. 62.5 ಕೋಟಿಯ ವ್ಯವಹಾರದಲ್ಲಿ ಈ ಫೋನ್ ಮಾಡದ ವರದಿಗಾರ ತನ್ನ ಕೆಲಸ ಮಾಡಿಲ್ಲ ಅಂತಲೇ ಅರ್ಥ. ಅದರಲ್ಲಿ ವರ್ಣಭೇದ ಹುಡುಕುವುದು ನನಗೆ ಒಪ್ಪಿಗೆಯಿಲ್ಲ.

ನನ್ನ ತಕರಾರು ಬೇರೆ ಕಡೆ ಇದೆ. ವಿಲ್ಫ್ ಕುಟುಂಬದ ಮೇಲೆ ಅವರ ಪಾಲುದಾರರೇ 1992ರಲ್ಲಿ ನ್ಯೂಜೆರ್ಸಿಯಲ್ಲಿ ದಾವೆ ಹೂಡಿದ್ದರು. ಮಾಂಟ್‌ವಿಲ್‌ನ ರೇಚೆಲ್ ಗಾರ್ಡನ್ಸ್ ಅನ್ನುವ ಅಪಾರ್ಟ್‌ಮೆಂಟ್ ಸಮುಚ್ಚಯದ ಲೆಕ್ಕದಲ್ಲಿ ಮೋಸ ಮಾಡಿದ್ದಾರೆ ಅನ್ನುವ ಆರೋಪ. 2005ರಲ್ಲಿ ಆ ದಾವೆ ಇನ್ನೂ ನಡೆಯುತ್ತಿತ್ತು. 2013ರಲ್ಲಿ ನ್ಯಾಯಾಧೀಶೆ ವಂಚನೆ, ಒಪ್ಪಂದ ಉಲ್ಲಂಘನೆ ಎರಡೂ ನಡೆದಿವೆ ಎಂದು ತೀರ್ಪು ಕೊಟ್ಟು 8.45 ಕೋಟಿ ಡಾಲರ್ ಕಟ್ಟಲು ಹೇಳಿದರು. ಆಗ ಮಿನ್ನೆಸೋಟದಲ್ಲಿ ಅದು ದೊಡ್ಡ ಸುದ್ದಿ. ಸಾರ್ವಜನಿಕ ಹಣದಲ್ಲಿ ಹೊಸ ಕ್ರೀಡಾಂಗಣ ಕಟ್ಟುವ ಹೊತ್ತು ಬೇರೆ, ಹಾಗಾಗಿ ಕ್ರೀಡಾಂಗಣದ ಪ್ರಾಧಿಕಾರ ವಕೀಲರನ್ನು ನೇಮಿಸಿ ವಿಲ್ಫ್ ಹಣಕಾಸನ್ನು ಪರಿಶೀಲಿಸಿತು.

ಒಬ್ಬನ ಶಾಲಾ ದಿನಗಳ ಬೇಸ್‌ಬಾಲ್ ಫೆಬ್ರವರಿಯಲ್ಲೇ ಮುಖಪುಟಕ್ಕೆ ಬಂತು. ಇನ್ನೊಬ್ಬರ ವಂಚನೆಯ ದಾವೆ ಮುಖಪುಟಕ್ಕೆ ಬರಲು ಎಂಟು ವರ್ಷ ಹಿಡಿಯಿತು. ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಅನ್ನುವುದು ಇದನ್ನೇ.

ಬಯಲುಸೀಮೆ

ಕಡತಪ್ರಿಯ ಸರ್, ಹೋಲಿಕೆ ಪೂರ್ತಿ ನ್ಯಾಯವಲ್ಲ. ಫೆಬ್ರವರಿಯಲ್ಲಿ ವಿಲ್ಫ್ ಬರೀ ಸೀಮಿತ ಪಾಲುದಾರ, ಫೌಲರ್ ಪ್ರಧಾನ ಮಾಲೀಕ ಆಗುವವರು. ಯಾವ ಪತ್ರಿಕೆ ಆದರೂ ಮೊದಲು ನೋಡುವುದು ಪ್ರಧಾನ ಮಾಲೀಕನನ್ನೇ. ಅಲ್ಲದೆ ಆ ಪರಿಚಯ ಪತ್ರ ಸುದ್ದಿಗೋಷ್ಠಿಯಲ್ಲಿ ಎಲ್ಲರ ಕೈಗೂ ಬಂದಿತ್ತು. ನ್ಯೂಜೆರ್ಸಿಯ ಮಾರಿಸ್ ಕೌಂಟಿಯ ನ್ಯಾಯಾಲಯದ ಕಡತ ಮಿನಿಯಾಪೊಲಿಸ್‌ನಲ್ಲಿ ಕೂತು ಸಿಗುವಂಥದ್ದಲ್ಲ. ಆಗಿನ್ನೂ ರಾಜ್ಯ ನ್ಯಾಯಾಲಯಗಳ ಸಿವಿಲ್ ಕಡತ ಇಂಟರ್ನೆಟ್ಟಿನಲ್ಲಿ ಸಿಗುವುದು ಅಪರೂಪ. ಗುಮಾಸ್ತರ ಕಿಟಕಿಯ ಹತ್ತಿರ ನಿಂತು ಸೂಚಿ ಹುಡುಕಿ, ಪುಟದ ಲೆಕ್ಕದಲ್ಲಿ ನಕಲು ತೆಗೆಸಬೇಕು.

ಇನ್ನೊಂದು ವಿಷಯ. ಫೌಲರ್ ಅವರ ಮುಂದಿನ ಕಥೆ ಎಲ್ಲರಿಗೂ ಗೊತ್ತು. ಅಲಯನ್ಸ್ ಆಫ್ ಅಮೆರಿಕನ್ ಫುಟ್‌ಬಾಲ್ ಎಂಬ ಹೊಸ ಲೀಗಿಗೆ ಹಣ ಹಾಕುತ್ತೇನೆ ಅಂತ ಬಂದರು, 2019ರಲ್ಲಿ ಕ್ರಿಪ್ಟೋ ಕಂಪನಿಗಳ ಹಣ ಸಾಗಿಸಿದ ಪ್ರಕರಣದಲ್ಲಿ ಬಂಧನವಾಯಿತು, 2022ರಲ್ಲಿ ತಪ್ಪೊಪ್ಪಿಕೊಂಡರು, 2023ರ ಜೂನ್‌ನಲ್ಲಿ 75 ತಿಂಗಳ ಸೆರೆಮನೆ. 2005ರ ವರದಿಗಾರರ ಅನುಮಾನ ಸರಿಯಾಗಿತ್ತು ಅನ್ನಲು ಇಷ್ಟು ಸಾಲದೇ?

ಕಡತಪ್ರಿಯ

ಸಾಲದು. 2023ರ ಶಿಕ್ಷೆ 2005ರ ವರದಿಗಾರಿಕೆಯ ಅಳತೆಗೋಲು ಆಗಬಾರದು. ಆಗ ಗೊತ್ತಿದ್ದದ್ದು ಪದವಿ, ಬೇಸ್‌ಬಾಲ್, ನಗದಿನ ಕೊರತೆ ಇಷ್ಟೇ. ಫಲಿತಾಂಶ ನೋಡಿ ವಿಧಾನವನ್ನು ಸಮರ್ಥಿಸುವುದಾದರೆ ವಿಲ್ಫ್ ಮೇಲಿನ 2013ರ ತೀರ್ಪನ್ನೂ ಅದೇ ತಕ್ಕಡಿಗೆ ಹಾಕಿ. ಆಗ 2005ರ ಪರಿಶೀಲನೆ ಅರ್ಧವೇ ಆಗಿತ್ತು ಅಂತಾಗುತ್ತದೆ.

ಫೆಬ್ರವರಿಯಲ್ಲಿ ವಿಲ್ಫ್ ಸೀಮಿತ ಪಾಲುದಾರ ಅನ್ನುವ ನಿಮ್ಮ ಮಾತು ಒಪ್ಪಿದೆ. ಆದರೆ ಮೇ ತಿಂಗಳಲ್ಲಿ ಅವರೇ ಪ್ರಧಾನ ಮಾಲೀಕ. ಆಗ ಪರಿಶೀಲನೆ ಮತ್ತೆ ಮೊದಲಿನಿಂದ ಶುರುವಾಗಬೇಕಿತ್ತು.

ಹೊನ್ನಾವರದವಳು

ಖರೀದಿದಾರರ ಬಗ್ಗೆಯೇ ಮಾತಾಗುತ್ತಿದೆ. ಮಾರುವವರ ಕಡೆಯನ್ನೂ ನೋಡಿ, ಅಲ್ಲಿ ಪತ್ರಿಕೆಗಳ ವೈಫಲ್ಯ ಇನ್ನೂ ಸ್ಪಷ್ಟ.

ಡೊನಾಲ್ಡ್ ಸ್ಟರ್ಲಿಂಗ್ 1981ರಲ್ಲಿ ಎನ್‌ಬಿಎಯ ಕ್ಲಿಪ್ಪರ್ಸ್ ತಂಡವನ್ನು 1.25 ಕೋಟಿ ಡಾಲರಿಗೆ ಕೊಂಡರು. ಅವರ ಅಪಾರ್ಟ್‌ಮೆಂಟುಗಳಲ್ಲಿ ಬಾಡಿಗೆ ಕೊಡುವಾಗ ತಾರತಮ್ಯ ಮಾಡುತ್ತಾರೆ ಅಂತ 2003ರಲ್ಲೇ ವಸತಿ ಹಕ್ಕುಗಳ ಸಂಸ್ಥೆಯೊಂದು ದಾವೆ ಹಾಕಿತ್ತು. 2006ರಲ್ಲಿ ಅಮೆರಿಕದ ನ್ಯಾಯ ಇಲಾಖೆಯೇ ಫೆಡರಲ್ ನ್ಯಾಯಾಲಯಕ್ಕೆ ಹೋಯಿತು. ಕೊರಿಯಾಟೌನ್‌ನಲ್ಲಿ ಕಪ್ಪುವರ್ಣೀಯರಿಗೆ, ಮಕ್ಕಳಿರುವ ಕುಟುಂಬಗಳಿಗೆ ಮನೆ ಕೊಡುತ್ತಿಲ್ಲ ಅನ್ನುವುದು ಆರೋಪ. 2009ರ ನವೆಂಬರ್‌ನಲ್ಲಿ, ತಪ್ಪು ಒಪ್ಪಿಕೊಳ್ಳದೆಯೇ, ಸುಮಾರು 27 ಲಕ್ಷ ಡಾಲರಿಗೆ ರಾಜಿ. ಬಯಲುಸೀಮೆ ಅವರು ಹೇಳಿದ ಕಿಟಕಿಯ ಕಷ್ಟ ಇಲ್ಲಿ ಇರಲಿಲ್ಲ. ಫೆಡರಲ್ ಕಡತಗಳು ಪೇಸರ್ ಜಾಲತಾಣದಲ್ಲಿವೆ, ಈಗಲೂ ಪುಟಕ್ಕೆ 10 ಸೆಂಟ್, ಒಂದು ದಾಖಲೆಗೆ ಹೆಚ್ಚೆಂದರೆ 3 ಡಾಲರ್. ಬರೆದ ಪತ್ರಕರ್ತರು ಒಂದಿಬ್ಬರು ಇದ್ದರು. ಲೀಗ್ ಅಲುಗಾಡಲಿಲ್ಲ, ಪ್ರಾಯೋಜಕರು ಅಲುಗಾಡಲಿಲ್ಲ.

2014ರ ಏಪ್ರಿಲ್ 25ರಂದು ಗಾಸಿಪ್ ಸುದ್ದಿತಾಣ ಟಿಎಂಝಡ್ ಧ್ವನಿಮುದ್ರಣವೊಂದನ್ನು ಹೊರಹಾಕಿತು. ಕಪ್ಪುವರ್ಣೀಯರನ್ನು ನನ್ನ ಪಂದ್ಯಗಳಿಗೆ ಕರೆತರಬೇಡ ಎಂದು ಸ್ಟರ್ಲಿಂಗ್ ಗೆಳತಿಗೆ ಹೇಳುವ ಮಾತು. ಎರಡು ದಿನಕ್ಕೆ ಆಟಗಾರರು ಅಭ್ಯಾಸದ ಅಂಗಿಯನ್ನು ತಂಡದ ಹೆಸರು ಕಾಣದಂತೆ ಒಳಹೊರಗು ಮಾಡಿ ತೊಟ್ಟು ಅಂಗಳಕ್ಕೆ ಇಳಿದರು. ಪ್ರಾಯೋಜಕ ಕಂಪನಿಗಳಾದ ಕಾರ್‌ಮ್ಯಾಕ್ಸ್, ವರ್ಜಿನ್ ಅಮೆರಿಕ ಕಳಚಿಕೊಂಡವು. 29ರಂದು ಎನ್‌ಬಿಎ ಆಯುಕ್ತ ಆಡಮ್ ಸಿಲ್ವರ್ ಆಜೀವ ನಿಷೇಧ, 25 ಲಕ್ಷ ಡಾಲರ್ ದಂಡ ಘೋಷಿಸಿದರು.

ಬಾಡಿಗೆ ಮನೆ ಸಿಗದ ಜನರ ಸಾಕ್ಷ್ಯಕ್ಕೆ ಎಂಟು ವರ್ಷ ಬೆಲೆ ಇರಲಿಲ್ಲ. ಮನೆಯೊಳಗಿನ ಮಾತಿಗೆ ನಾಲ್ಕೇ ದಿನದಲ್ಲಿ ಬೆಲೆ ಬಂತು. ನನಗೆ ಸಿಟ್ಟು ಬರುವುದು ಇಲ್ಲೇ. ಮಾತಿಗಿಂತ ಕೃತ್ಯ ದೊಡ್ಡದು, ಆದರೆ ಕೃತ್ಯದ ದಾಖಲೆಗೆ ಧ್ವನಿ ಇಲ್ಲ, ಟಿವಿಯಲ್ಲಿ ಮತ್ತೆ ಮತ್ತೆ ಹಾಕಲು ಆಗುವುದಿಲ್ಲ.

ಮೈನಾ

ಸ್ಟರ್ಲಿಂಗ್ ಮಾರುವುದಿಲ್ಲ ಅಂತ ಹಟ ಹಿಡಿದಿದ್ದರಲ್ಲ, ಆದರೂ ಮಾರಾಟ ಹೇಗಾಯಿತು? ಲೀಗ್ ಕಿತ್ತುಕೊಂಡಿತೇ?

ಹೊನ್ನಾವರದವಳು

ಮೈನಾ ಅವರೇ, ಲೀಗ್ ಕಿತ್ತುಕೊಳ್ಳುವ ಮೊದಲೇ ಮಾರಾಟವಾಯಿತು. ಎನ್‌ಬಿಎ ಸಂವಿಧಾನದ ಪ್ರಕಾರ ಮಾಲೀಕರಲ್ಲಿ ನಾಲ್ಕರಲ್ಲಿ ಮೂರು ಭಾಗ ಮತ ಹಾಕಿದರೆ ಮಾಲೀಕತ್ವ ರದ್ದು. ಆ ಮತದಾನಕ್ಕೆ ಜೂನ್ 3 ಗೊತ್ತಾಗಿತ್ತು. (ಈ ಸಂವಿಧಾನವನ್ನು ಲೀಗ್ ಸಾರ್ವಜನಿಕರಿಗೆ ತೆರೆದದ್ದೂ ಇದೇ ಗಲಾಟೆಯಲ್ಲಿ. ಅಲ್ಲಿಯವರೆಗೆ ಅದು ಗುಪ್ತ ಕಡತ.)

ತಂಡ ಇದ್ದದ್ದು ಸ್ಟರ್ಲಿಂಗ್ ಕುಟುಂಬದ ಟ್ರಸ್ಟಿನ ಹೆಸರಲ್ಲಿ, ಗಂಡ ಹೆಂಡತಿ ಇಬ್ಬರೂ ಟ್ರಸ್ಟಿಗಳು. ಒಬ್ಬ ಟ್ರಸ್ಟಿಗೆ ವ್ಯವಹಾರ ನಡೆಸುವ ಮಾನಸಿಕ ಸಾಮರ್ಥ್ಯ ಇಲ್ಲ ಅಂತ ಇಬ್ಬರು ತಜ್ಞ ವೈದ್ಯರು ಬರೆದುಕೊಟ್ಟರೆ ಆತನನ್ನು ಬಿಟ್ಟು ಮುಂದುವರಿಯಬಹುದು ಅನ್ನುವ ಷರತ್ತು ಟ್ರಸ್ಟ್ ಪತ್ರದಲ್ಲೇ ಇತ್ತು. ಹೆಂಡತಿ ಶೆಲ್ಲಿ ಸ್ಟರ್ಲಿಂಗ್ ಅದನ್ನು ಬಳಸಿದರು. ಮೈಕ್ರೋಸಾಫ್ಟ್‌ನ ಮಾಜಿ ಮುಖ್ಯಸ್ಥ ಸ್ಟೀವ್ ಬಾಮರ್ 200 ಕೋಟಿ ಡಾಲರ್ ಕೊಡಲು ಒಪ್ಪಿದರು. ಡೊನಾಲ್ಡ್ ನ್ಯಾಯಾಲಯಕ್ಕೆ ಹೋದರು. ಜುಲೈ 28ರಂದು ಲಾಸ್ ಏಂಜಲೀಸ್‌ನಲ್ಲಿ ಉಯಿಲು, ಟ್ರಸ್ಟ್ ವ್ಯಾಜ್ಯ ನೋಡುವ ಪ್ರೊಬೇಟ್ ನ್ಯಾಯಾಲಯ ಶೆಲ್ಲಿ ಪರ ತೀರ್ಪು ಕೊಟ್ಟಿತು. ಮೇಲ್ಮನವಿ ಹಾಕಿದರೂ ಮಾರಾಟ ನಿಲ್ಲದಂತೆ ಕ್ಯಾಲಿಫೋರ್ನಿಯ ಪ್ರೊಬೇಟ್ ಸಂಹಿತೆಯ 1310(ಬಿ) ವಿಧಿಯಡಿ ಆದೇಶ ಸಿಕ್ಕಿತು. ಈ ಆದೇಶ ಇಲ್ಲದಿದ್ದರೆ ವ್ಯವಹಾರ ವರ್ಷಗಟ್ಟಲೆ ನೇತಾಡುತ್ತಿತ್ತು. ಆಗಸ್ಟ್ 12ರಂದು ತಂಡ ಬಾಮರ್ ಕೈಸೇರಿತು.

ಲೆಕ್ಕಿಗ

ಈ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಸ್ಟರ್ಲಿಂಗ್ ಕುಟುಂಬ 1.25 ಕೋಟಿ ಹಾಕಿ 200 ಕೋಟಿ ಪಡೆಯಿತು. ಅದೇ ಏಪ್ರಿಲ್ ತಿಂಗಳಲ್ಲಿ ಎನ್‌ಬಿಎಯ ಮಿಲ್ವಾಕಿ ಬಕ್ಸ್ ತಂಡ 55 ಕೋಟಿಗೆ ಹೋಗಿ ದಾಖಲೆ ಆಗಿತ್ತು, ಇದು ಅದರ ಮೂರೂವರೆ ಪಟ್ಟಿಗೂ ಮೇಲೆ. ಫೀನಿಕ್ಸ್ ಸನ್ಸ್ ತಂಡಕ್ಕೆ ರಾಬರ್ಟ್ ಸಾರ್ವರ್ ಗುಂಪು 2004ರಲ್ಲಿ ಕೊಟ್ಟದ್ದು 40.1 ಕೋಟಿ. ವರ್ಣಭೇದದ ಮಾತು, ಮಹಿಳಾ ಸಿಬ್ಬಂದಿಯೊಡನೆ ಕೆಟ್ಟ ನಡತೆ ಎಂದು 2021ರ ನವೆಂಬರ್‌ನಲ್ಲಿ ಕ್ರೀಡಾ ವಾಹಿನಿ ಇಎಸ್‌ಪಿಎನ್ ಬರೆಯಿತು. 320 ಜನರನ್ನು ವಿಚಾರಿಸಿದ ತನಿಖೆಯ ನಂತರ 2022ರ ಸೆಪ್ಟೆಂಬರ್‌ನಲ್ಲಿ ಒಂದು ವರ್ಷ ಅಮಾನತು, 1 ಕೋಟಿ ಡಾಲರ್ ದಂಡ. ಸಾರ್ವರ್ ಉಳಿದರೆ ಪ್ರಾಯೋಜಕತ್ವ ಮುಂದುವರಿಸುವುದಿಲ್ಲ ಎಂದು ಪೇಪಾಲ್ ಹೇಳಿತು. ಮರುವಾರವೇ ಮಾರುತ್ತೇನೆ ಅಂದರು. ಮ್ಯಾಟ್ ಇಷ್ಬಿಯಾ ಕೊಂಡದ್ದು 400 ಕೋಟಿ ಮೌಲ್ಯದಲ್ಲಿ.

ಪತ್ರಿಕೆಗಳ ಪರಿಶೀಲನೆ ಮಾರುವವನನ್ನು ಹೊರಗೆ ಹಾಕುತ್ತದೆ, ಕೈತುಂಬ ದುಡ್ಡು ಕೊಟ್ಟು. ಕೊಳ್ಳುವವನ ಮೇಲೆ ಅದೇ ಪರಿಶೀಲನೆ ಬಿದ್ದರೆ ಆತ ಬರಿಗೈಯಲ್ಲಿ ಹೋಗುತ್ತಾನೆ, ಜೊತೆಗೆ ಸಾಲ ಕೊಡುವ ಬ್ಯಾಂಕೂ ಹಿಂದೆ ಸರಿಯುತ್ತದೆ. ಮೊದಲ ವರ್ಗದಲ್ಲಿ ಇರುವವರು ಹೆಚ್ಚುಕಡಿಮೆ ಎಲ್ಲ ಬಿಳಿಯರು. ಕಪ್ಪುವರ್ಣೀಯರು ಬರಬೇಕಾದರೆ ಎರಡನೇ ಬಾಗಿಲಿನಿಂದಲೇ ಬರಬೇಕು. ವರ್ಣದ ಪ್ರಶ್ನೆಗೆ ನನ್ನ ಉತ್ತರ ಇಷ್ಟು.

ಬಯಲುಸೀಮೆ

ಲೆಕ್ಕಿಗ ಅವರ ಈ ಮಾತು ಒಪ್ಪುತ್ತೇನೆ. ಆದರೂ ಪತ್ರಿಕೆಗಳು ಬಿಳಿಯ ಖರೀದಿದಾರರನ್ನು ಸುಮ್ಮನೆ ಬಿಟ್ಟಿವೆ ಅನ್ನಲಾಗದು. 2009ರಲ್ಲಿ ಎನ್‌ಎಫ್‌ಎಲ್‌ನ ಸೇಂಟ್ ಲೂಯಿಸ್ ರ‍್ಯಾಮ್ಸ್ ತಂಡ ಕೊಳ್ಳುವ ಗುಂಪಿನಲ್ಲಿ ರೇಡಿಯೋ ಮಾತುಗಾರ ರಶ್ ಲಿಂಬಾ ಇದ್ದರು. ಕಪ್ಪುವರ್ಣೀಯ ಕ್ವಾರ್ಟರ್‌ಬ್ಯಾಕ್ (ತಂಡದ ದಾಳಿ ನಡೆಸುವ ಆಟಗಾರ) ಡೊನೊವನ್ ಮೆಕ್‌ನ್ಯಾಬ್ ಅವರನ್ನು ವರ್ಣದ ಕಾರಣಕ್ಕೇ ಮಾಧ್ಯಮ ಹೊಗಳುತ್ತದೆ ಅಂತ 2003ರಲ್ಲಿ ಹೇಳಿ ಇಎಸ್‌ಪಿಎನ್ ಕೆಲಸ ಬಿಟ್ಟವರು. ಆಟಗಾರರ ಸಂಘ ವಿರೋಧಿಸಿತು, ಇಂಡಿಯಾನಾಪೊಲಿಸ್ ಕೋಲ್ಟ್ಸ್ ಮಾಲೀಕ ಜಿಮ್ ಇರ್ಸೆ ನನ್ನ ಮತ ಇಲ್ಲ ಅಂದರು. ಗುಂಪೇ ಲಿಂಬಾ ಅವರನ್ನು ಕೈಬಿಟ್ಟಿತು.

ಕಡತಪ್ರಿಯ

ಅದೇ ಪ್ರಕರಣದಲ್ಲಿ ಮಾಧ್ಯಮ ಮಾಡಿದ ಎಡವಟ್ಟನ್ನೂ ಹೇಳಿ. ಗುಲಾಮಗಿರಿಯನ್ನು ಹೊಗಳುವ ಒಂದು ಹೇಳಿಕೆ ಲಿಂಬಾ ಹೆಸರಿನಲ್ಲಿ ಟಿವಿ, ಪತ್ರಿಕೆಗಳಲ್ಲಿ ಓಡಾಡಿತು. ಯಾವ ದಿನದ ಕಾರ್ಯಕ್ರಮ, ಧ್ವನಿಮುದ್ರಣ ಎಲ್ಲಿದೆ ಅಂತ ಕೇಳಿದರೆ ಯಾರ ಬಳಿಯೂ ಇರಲಿಲ್ಲ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಎತ್ತಿಕೊಂಡಿದ್ದರು. ಪ್ರಸಾರ ಮಾಡಿದವರು ಹಿಂದೆಗೆದುಕೊಳ್ಳಬೇಕಾಯಿತು. 2003ರ ಮಾತಿಗೆ ದೃಶ್ಯ ಸಾಕ್ಷಿ ಇತ್ತು, ಅಷ್ಟೇ ಸಾಕಾಗಿತ್ತು. ಸಾಕ್ಷಿ ಇಲ್ಲದ್ದನ್ನು ಸೇರಿಸಿದ್ದರಿಂದ ಇದ್ದ ಸಾಕ್ಷಿಯೂ ಅನುಮಾನಕ್ಕೆ ಬಿತ್ತು, ತಾನೇ ಬಲಿಪಶು ಅನ್ನಲು ಅವರಿಗೆ ಅವಕಾಶ ಸಿಕ್ಕಿತು. ವರ್ಣದ ಆರೋಪ ಮಾಡುವ ವರದಿಯಲ್ಲಿ ಒಂದು ಉಲ್ಲೇಖ ಸುಳ್ಳಾದರೆ ಉಳಿದ ಒಂಬತ್ತನ್ನೂ ಜನ ನಂಬುವುದಿಲ್ಲ.

ಎಂಡ್‌ಝೋನ್

ಎನ್‌ಬಿಎಯ ಅಟ್ಲಾಂಟ ಹಾಕ್ಸ್ ಪ್ರಕರಣ ಇನ್ನೊಂದು ಬಗೆ. ಪತ್ರಕರ್ತರು ಅಗೆದದ್ದಲ್ಲ, ತಂಡದೊಳಗಿನ ತನಿಖೆಯಲ್ಲೇ ಮಾಲೀಕ ಬ್ರೂಸ್ ಲೆವೆನ್‌ಸನ್ ಅವರ 2012ರ ಇಮೇಲ್ ಸಿಕ್ಕಿತು. ಕಪ್ಪುವರ್ಣೀಯ ಪ್ರೇಕ್ಷಕರು ಹೆಚ್ಚಾಗಿ ಬಿಳಿಯರು ದೂರವಾಗಿದ್ದಾರೆ, ಹಾಡು, ಚಿಯರ್‌ಲೀಡರ್ ಎಲ್ಲ ಬದಲಿಸಿ ಅನ್ನುವ ಧಾಟಿ. 2014ರ ಸೆಪ್ಟೆಂಬರ್ 7ರಂದು ಪಾಲು ಮಾರುತ್ತೇನೆ ಅಂತ ತಾವೇ ಘೋಷಿಸಿದರು. ಲೆವೆನ್‌ಸನ್ ಜನಾಂಗದ್ವೇಷಿ ಅಲ್ಲ, ವ್ಯಾಪಾರಿಯ ಲೆಕ್ಕ ಹಾಕಿದ್ದಾರೆ ಅಂತ ಕಪ್ಪುವರ್ಣೀಯ ಮಾಜಿ ಬ್ಯಾಸ್ಕೆಟ್‌ಬಾಲ್ ಆಟಗಾರ ಕರೀಂ ಅಬ್ದುಲ್-ಜಬ್ಬಾರ್ ಟೈಮ್ ಪತ್ರಿಕೆಯಲ್ಲಿ ಬರೆದರು. ನಾನು ಒಪ್ಪುವುದಿಲ್ಲ. ಟಿಕೆಟ್ ಕೊಂಡು ಬಂದ ಪ್ರೇಕ್ಷಕನ ಬಣ್ಣವನ್ನೇ ಸಮಸ್ಯೆ ಅಂತ ಬರೆದಮೇಲೆ ಅದು ಬರೀ ವ್ಯಾಪಾರ ಆಗಿ ಉಳಿಯುವುದಿಲ್ಲ.

ಮೈನಾ

ಹಾಗಾದರೆ ಭಾರತ, ಪಾಕಿಸ್ತಾನ ಮೂಲದವರು ಹೇಗೆ ಒಳಗೆ ಹೋದರು? ಮುಂಬೈನಲ್ಲಿ ಹುಟ್ಟಿದ ವಿವೇಕ್ ರಣದಿವೆ 2013ರಲ್ಲಿ ಎನ್‌ಬಿಎಯ ಸ್ಯಾಕ್ರಮೆಂಟೊ ಕಿಂಗ್ಸ್ ಕೊಂಡರಲ್ಲ.

ಲೆಕ್ಕಿಗ

ಲಾಹೋರಿನಲ್ಲಿ ಹುಟ್ಟಿದ ಶಾಹಿದ್ ಖಾನ್ ಅವರ ದಾರಿ ನೋಡಿ, ಅರ್ಥವಾಗುತ್ತದೆ. 2010ರಲ್ಲಿ ರ‍್ಯಾಮ್ಸ್‌ನ 60 ಪ್ರತಿಶತಕ್ಕೆ ಒಪ್ಪಂದ ಮಾಡಿಕೊಂಡಿದ್ದರು. ಆಗಲೇ 40 ಪ್ರತಿಶತ ಹೊಂದಿದ್ದ ಸ್ಟಾನ್ ಕ್ರೋಂಕಿಗೆ ಅದೇ ಬೆಲೆ ಕೊಟ್ಟು ತಾನೇ ಕೊಳ್ಳುವ ಹಕ್ಕು ಇತ್ತು, ಅವರು ಅದನ್ನು ಚಲಾಯಿಸಿದರು. ಖಾನ್ ಕೈತಪ್ಪಿತು. ಮರುವರ್ಷ ಎನ್‌ಎಫ್‌ಎಲ್‌ನ ಇನ್ನೊಂದು ತಂಡ ಜ್ಯಾಕ್ಸನ್‌ವಿಲ್ ಜಾಗ್ವಾರ್ಸ್‌ಗೆ ಬಂದರು, 2011ರ ಡಿಸೆಂಬರ್‌ನಲ್ಲಿ ಲೀಗ್ ಒಪ್ಪಿತು. ಅವರ ಹಣ ವಾಹನ ಬಿಡಿಭಾಗದ ಒಂದೇ ಕಂಪನಿಯದು, ಫ್ಲೆಕ್ಸ್-ಎನ್-ಗೇಟ್, ಅವರೊಬ್ಬರದೇ. ಮೂಲ ಕೇಳಿದರೆ ತೋರಿಸಲು ಒಂದೇ ಲೆಕ್ಕಪುಸ್ತಕ ಸಾಕು. ಹಣಕಾಸು ಸಮಿತಿಗೆ ಇಷ್ಟವಾಗುವ ಅರ್ಜಿದಾರ ಹೀಗಿರುತ್ತಾನೆ.

ಕಪ್ಪುವರ್ಣೀಯ ಪ್ರಧಾನ ಮಾಲೀಕ ಎನ್‌ಎಫ್‌ಎಲ್‌ನಲ್ಲಿ ಇನ್ನೂ ಬಂದಿಲ್ಲ. ವೈವಿಧ್ಯದ ಖರೀದಿದಾರರನ್ನು ಪ್ರೋತ್ಸಾಹಿಸುತ್ತೇವೆ ಅಂತ 2022ರ ಮಾರ್ಚ್‌ನಲ್ಲಿ ಲೀಗ್ ನಿರ್ಣಯ ಮಾಡಿತು. ಅದೇ ವರ್ಷ ಡೆನ್ವರ್ ಬ್ರಾಂಕೋಸ್ 465 ಕೋಟಿಗೆ ವಾಲ್‌ಮಾರ್ಟ್ ವಾರಸುದಾರರಿಗೆ ಹೋಯಿತು. ಕಪ್ಪುವರ್ಣೀಯರಾದ ಮೆಲೊಡಿ ಹಾಬ್ಸನ್, ಕಾಂಡೊಲೀಸಾ ರೈಸ್, ಲೂಯಿಸ್ ಹ್ಯಾಮಿಲ್ಟನ್ ಮೂವರೂ ಅದರಲ್ಲಿ ಸೀಮಿತ ಪಾಲುದಾರರು. ಮರುವರ್ಷ ವಾಷಿಂಗ್ಟನ್ ಕಮಾಂಡರ್ಸ್ 605 ಕೋಟಿಗೆ ಜಾಶ್ ಹ್ಯಾರಿಸ್ ಗುಂಪಿನ ಪಾಲಾಯಿತು. ಕಪ್ಪುವರ್ಣೀಯ ಮಾಜಿ ಬ್ಯಾಸ್ಕೆಟ್‌ಬಾಲ್ ಆಟಗಾರ ಮ್ಯಾಜಿಕ್ ಜಾನ್ಸನ್ ಅದರಲ್ಲಿ ಸೀಮಿತ ಪಾಲುದಾರ. ಎರಡೂ ಸಲ ಕಪ್ಪುವರ್ಣೀಯ ಮಾಧ್ಯಮ ಉದ್ಯಮಿ ಬೈರನ್ ಆಲನ್ ಪ್ರಧಾನ ಮಾಲೀಕತ್ವಕ್ಕೆ ಪ್ರಯತ್ನಿಸಿದರು, ಎರಡೂ ಸಲ ಸಿಗಲಿಲ್ಲ.

ತುಂಗಾತೀರ

ಅಂದರೆ 2005ರಲ್ಲಿ 18.75 ಕೋಟಿ ಇದ್ದ ಗೋಡೆ 605 ಕೋಟಿಯ 30 ಪ್ರತಿಶತ ಹಿಡಿದರೆ 181.5 ಕೋಟಿ ಡಾಲರ್. 2024ರ ಆಗಸ್ಟ್‌ನಲ್ಲಿ ಲೀಗ್ ಖಾಸಗಿ ಹೂಡಿಕೆ ನಿಧಿಗಳಿಗೆ 10 ಪ್ರತಿಶತದವರೆಗೆ ಪಾಲು ಕೊಳ್ಳಲು ಬಿಟ್ಟಿತಲ್ಲ, ಅದರಿಂದ ಹೊಸಬರಿಗೆ ದಾರಿಯಾಗುತ್ತದೆಯೇ?

ಲೆಕ್ಕಿಗ

ಇಲ್ಲ. ಆ 10 ಪ್ರತಿಶತಕ್ಕೆ ಮತದ ಹಕ್ಕೂ ಇಲ್ಲ, ನಿಯಂತ್ರಣವೂ ಇಲ್ಲ. ಅದು ಈಗಿನ ಮಾಲೀಕರಿಗೆ ತಂಡ ಬಿಟ್ಟುಕೊಡದೆ ನಗದು ಸಿಗುವ ದಾರಿ. ಹೊಸ ಖರೀದಿದಾರನಿಗೆ ಉಳಿದ 70 ಪ್ರತಿಶತ ತುಂಬಿಸಿಕೊಳ್ಳಲು ಸ್ವಲ್ಪ ಅನುಕೂಲ ಆಗಬಹುದು, ತನ್ನ ಪ್ರಧಾನ ಪಾಲಿನ ನಗದನ್ನು ಆತ ತಾನೇ ತರಬೇಕು. ಮುಂದಿನ ಮಾರಾಟದಲ್ಲಿ ಯಾರ ಹೆಸರು ಬಂದರೂ ಮೊದಲು ನೋಡಬೇಕಾದ್ದು ಆ ಪಾಲಿಗೆ ಹಣ ಹಾಕುತ್ತಿರುವವರು ಯಾರು ಅನ್ನುವುದನ್ನು. ಪಾಲುದಾರರ ಪಟ್ಟಿಯಲ್ಲಿ ಇರುವ ಪ್ರತಿಯೊಬ್ಬರ ಹೆಸರನ್ನೂ, ಬಣ್ಣ ಯಾವುದೇ ಇರಲಿ, ಅವರವರ ಊರಿನ ನ್ಯಾಯಾಲಯದ ಸೂಚಿಯಲ್ಲಿ ಅದೇ ವಾರ ಹುಡುಕಬೇಕು.